ಕಾದಾಡುವ ಮೀನಿನ ಊರು, ಅದರ ನೆರೆಹೊರೆ

ಬ್ಯಾಂಕಾಕ್ ನಗರದಿಂದ ಪಶ್ಚಿಮಕ್ಕೆ ಸುಮಾರು 55 ಕಿಲೋಮೀಟರ್ ಸಾಗಿದರೆ ನಖೋನ್ ಪಥೋಮ್ ಎಂಬ ಪಟ್ಟಣ ಎದುರಾಗುತ್ತದೆ. ಥಾಯ್ ಜನರ ನಾಲಗೆಯಲ್ಲಿ ಸವೆದು ಈ ರೂಪಕ್ಕೆ ಬಂದ ಹೆಸರಿನ ಮೂಲವನ್ನು ಕನ್ನಡ ಶಾಲೆಯ ಮಗುವೂ ಗುರುತಿಸಬಲ್ಲದು: ನಗರ ಪ್ರಥಮ, ಅಂದರೆ ಮೊದಲ ನಗರ. ಪಟ್ಟಣದ ನಡುವಿನ ಬೌದ್ಧ ಸ್ತೂಪ ಸುಮಾರು 120 ಮೀಟರ್ ಎತ್ತರವಿದ್ದು, ಕಿತ್ತಳೆ ಬಣ್ಣದ ಭಾರೀ ಗಂಟೆಯೊಂದನ್ನು ನೆಲದ ಮೇಲಿರಿಸಿದಂತೆ ಬಹು ದೂರದಿಂದಲೇ ಕಾಣುತ್ತದೆ. ಪ್ರವಾಸಿಗರಲ್ಲಿ ಹೆಚ್ಚಿನವರು ಸ್ತೂಪವನ್ನು ನೋಡಿ, ಅಂಗಳದ ಅಂಗಡಿಗಳಲ್ಲಿ ಏನನ್ನಾದರೂ ತಿಂದು, ಸಂಜೆಯ ರೈಲಿಗೆ ಮರಳುತ್ತಾರೆ. ಊರ ಹೊರಗಿನ ಕಾಲುವೆಗಳ ಬದಿಯಲ್ಲಿ, ತಗಡಿನ ಮಾಡುಗಳ ಕೆಳಗೆ ನಡೆಯುವ ಇನ್ನೊಂದು ಕಸುಬನ್ನು ನೋಡಲು ಹೋಗುವವರು ಕಡಿಮೆ. ಅಲ್ಲಿ ಮೀನು ಸಾಕುತ್ತಾರೆ. ತಿನ್ನುವ ಮೀನನ್ನಲ್ಲ, ನೋಡುವ ಮೀನನ್ನು.

ಮಾಡಿನ ಕೆಳಗೆ ಮೊದಲು ಕಣ್ಣಿಗೆ ಬೀಳುವುದು ಬಾಟಲಿಗಳು. ಮದ್ಯ ತುಂಬಿ ಮಾರುವ ಚಪ್ಪಟೆ ಗಾಜಿನ ಬಾಟಲಿಗಳೇ ಅವು. ತೊಳೆದು ನೀರು ತುಂಬಿಸಿ, ಒಂದಕ್ಕೊಂದು ಅಂಟಿಸಿ, ಸಾಲುಸಾಲಾಗಿ ನೆಲದ ಮೇಲೆ ಹರಡಿರುತ್ತಾರೆ. ದುಂಡನೆಯ ಬಾಟಲಿಗಳ ನಡುವೆ ಜಾಗ ವ್ಯರ್ಥವಾಗುತ್ತದೆ, ಚಪ್ಪಟೆಯವು ಇಟ್ಟಿಗೆಯಂತೆ ಕೂಡಿಕೊಳ್ಳುತ್ತವೆ ಎಂಬುದು ಸಾಕುವವರ ಲೆಕ್ಕಾಚಾರ. ಒಂದೊಂದು ಬಾಟಲಿಯಲ್ಲಿ ಒಂದೊಂದು ಗಂಡು ಮೀನು. ಪಕ್ಕದ ಮೀನು ಕಾಣದಂತೆ ನಡುವೆ ಕಾಗದದ ರಟ್ಟಿನ ತುಂಡು. ಆ ರಟ್ಟನ್ನು ಎತ್ತಿದ ಕ್ಷಣದಲ್ಲಿ ಎರಡೂ ಮೀನುಗಳು ಕಿವಿರಿನ ಮುಚ್ಚಳಗಳನ್ನು ಅಗಲಿಸಿ, ಈಜುರೆಕ್ಕೆಗಳನ್ನು ಬೀಸಣಿಗೆಯಂತೆ ಬಿಡಿಸಿ, ಮೈಬಣ್ಣವನ್ನು ಗಾಢಗೊಳಿಸಿ ಗಾಜಿಗೆ ಮುಖವಿಟ್ಟು ನಿಲ್ಲುತ್ತವೆ. ಕೊಳ್ಳಲು ಬಂದವನಿಗೆ ಅದೇ ಪ್ರದರ್ಶನ. ಕೆಲ ನಿಮಿಷಗಳ ನಂತರ ರಟ್ಟು ಮತ್ತೆ ಕೆಳಗಿಳಿಯುತ್ತದೆ.

ಈ ಮೀನುಗಳು ಹುಟ್ಟಿನಿಂದ ಒಂಟಿಗಳಲ್ಲ ಎಂಬುದನ್ನು ಗಮನಿಸಬೇಕು. ಒಂದೇ ಗೂಡಿನ ನೂರಾರು ಮರಿಗಳು ಮೊದಲ ವಾರಗಳನ್ನು ಸಿಮೆಂಟಿನ ತೊಟ್ಟಿಯಲ್ಲಿ ಒಟ್ಟಿಗೇ ಕಳೆಯುತ್ತವೆ. ಎರಡು ಮೂರು ತಿಂಗಳಾಗುವಷ್ಟರಲ್ಲಿ ಗಂಡುಮರಿಗಳು ಒಂದರ ಬಾಲವನ್ನೊಂದು ಕಚ್ಚಲಾರಂಭಿಸುತ್ತವೆ. ಆಗ ಒಬ್ಬೊಬ್ಬನನ್ನೇ ಹೆಕ್ಕಿ ಬಾಟಲಿಗೆ ಹಾಕುತ್ತಾರೆ.

ಥಾಯ್ ಭಾಷೆಯಲ್ಲಿ ಇದಕ್ಕೆ ‘ಪ್ಲಾ ಕಟ್’ ಎಂದು ಹೆಸರು. ಪ್ಲಾ ಎಂದರೆ ಮೀನು, ಕಟ್ ಎಂದರೆ ಕಚ್ಚು, ಕಚ್ಚುವ ಮೀನು. ಇಂಗ್ಲಿಷಿನವರು ಸಯಾಮಿನ ಕಾದಾಡುವ ಮೀನು ಎಂದರು. ನಮ್ಮ ಪೇಟೆಗಳ ಅಂಗಡಿಗಳಲ್ಲಿ ಅದು ಬರೀ ‘ಫೈಟರ್’. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಡೆನ್ಮಾರ್ಕಿನ ವೈದ್ಯ ಥಿಯೋಡರ್ ಕ್ಯಾಂಟರ್ 1849ರಲ್ಲಿ ಇದರ ಕುರಿತು ಬರೆದಾಗ ಬೇರೊಂದು ಜಾತಿಯ ಹೆಸರನ್ನೇ ಇದಕ್ಕೂ ಅಂಟಿಸಿದ್ದ. ಆ ಗೊಂದಲವನ್ನು ಬಿಡಿಸಿ 1910ರಲ್ಲಿ ಬೆಟ್ಟಾ ಸ್ಪ್ಲೆಂಡೆನ್ಸ್ ಎಂಬ ಈಗಿನ ಹೆಸರನ್ನು ಕೊಟ್ಟವನು ಲಂಡನ್ನಿನ ಟೇಟ್ ರೀಗನ್. ಸ್ಪ್ಲೆಂಡೆನ್ಸ್ ಎಂದರೆ ಉಜ್ಜ್ವಲ. ಬೆಟ್ಟಾ ಎಂಬ ಮಾತು ಕನ್ನಡದ ಕಿವಿಗೆ ಬೇರೆಯೇ ಅರ್ಥವನ್ನು ತರುತ್ತದೆ; ಹೆಸರು ಬೆಟ್ಟದ್ದು, ಮೈಯುದ್ದ ಎರಡೂವರೆ ಅಂಗುಲ! ಆದರೆ ತನ್ನ ನೆಲದಲ್ಲಿ ಅದರ ಮರ್ಯಾದೆ ಬೆಟ್ಟದಷ್ಟೇ ದೊಡ್ಡದು. 2016ರಲ್ಲಿ ಥಾಯ್ ಧ್ವಜದ ಕೆಂಪು, ಬಿಳಿ, ನೀಲಿ ಪಟ್ಟೆಗಳನ್ನು ಮೈಮೇಲೆ ಹೊತ್ತ ಒಂದೇ ಒಂದು ಮೀನು ಹರಾಜಿನಲ್ಲಿ 53,500 ಬಾತ್‌ಗೆ ಮಾರಾಟವಾಯಿತು. 2019ರ ಫೆಬ್ರವರಿಯಲ್ಲಿ ಅಲ್ಲಿನ ಸರಕಾರ ಇದನ್ನು ರಾಷ್ಟ್ರೀಯ ಜಲಚರವೆಂದು ಸಾರಿತು.

ಸಾಕುವ ಮನೆಗಳಿಂದ ಹೊರಟ ಮೀನು ಬ್ಯಾಂಕಾಕಿನ ಉತ್ತರ ಭಾಗದಲ್ಲಿರುವ ಚತುಚಕ್ ಸಂತೆಯನ್ನು ಸೇರುತ್ತದೆ. ವಾರಾಂತ್ಯದಲ್ಲಿ ನೆರೆಯುವ ಆ ದೊಡ್ಡ ಸಂತೆಯ ಪಕ್ಕದಲ್ಲೇ ಸಾಕುಪ್ರಾಣಿಗಳ ಮತ್ತು ಬಣ್ಣದ ಮೀನುಗಳ ಅಂಗಡಿಗಳಿವೆ. ಗಾಳಿ ತುಂಬಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳು, ಅಂಗೈಯಗಲದ ಡಬ್ಬಿಗಳು, ಅವುಗಳೊಳಗೆ ಬೆಂಕಿಯ ನಾಲಗೆಯಂಥ ಬಾಲಗಳು. ನೋಡುವ ಕಣ್ಣಿಗೆ ಹಬ್ಬ. ಒಳಗಿರುವ ಜೀವಕ್ಕೆ ಹಾಗೆನ್ನಿಸಲು ಕಾರಣವಿಲ್ಲ. 2024ರ ಜೂನ್ ತಿಂಗಳಲ್ಲಿ ಈ ಪ್ರಾಣಿಗಳ ಮಳಿಗೆಗಳಿಗೆ ನಸುಕಿನಲ್ಲಿ ಬೆಂಕಿ ಬಿದ್ದಾಗ ಪಂಜರ, ತೊಟ್ಟಿಗಳಲ್ಲಿದ್ದ ನೂರಾರು ಜೀವಗಳು ಇದ್ದಲ್ಲೇ ಸುಟ್ಟುಹೋದವು.

ಡಬ್ಬಿಯನ್ನು ಕೈಗೆತ್ತಿಕೊಂಡ ಗಿರಾಕಿ ಕೇಳುವ ಮೊದಲ ಪ್ರಶ್ನೆ ಬೆಲೆಯದು. ಎರಡನೆಯದು, ಇದರ ಜೊತೆಗೆ ಇನ್ನಾವ ಮೀನನ್ನು ಬಿಡಬಹುದು ಎಂಬುದು. ಚೆನ್ನೈಯ ಕೊಳತ್ತೂರಿನ ಬಣ್ಣದ ಮೀನುಗಳ ಪೇಟೆಯಲ್ಲೂ, ಅಲ್ಲಿಂದ ಮೀನು ತರಿಸುವ ಗಡಿನಾಡಿನ ಸಣ್ಣ ಅಂಗಡಿಗಳಲ್ಲೂ ಅಪ್ಪನ ಕೈಹಿಡಿದು ಬಂದ ಮಕ್ಕಳು ಇದನ್ನೇ ಕೇಳುತ್ತಾರೆ. ಪಾಪ, ಒಂದೇ ಇದೆಯಲ್ಲ ಎಂಬ ಕನಿಕರ ಆ ಪ್ರಶ್ನೆಯಲ್ಲಿರುತ್ತದೆ. ಮಾರುವವರಲ್ಲಿ ಕೆಲವರು ಯಾವುದನ್ನೂ ಬಿಡಬೇಡಿ ಎನ್ನುತ್ತಾರೆ. ಇನ್ನು ಕೆಲವರು ಅಂಗಡಿಯಲ್ಲಿರುವುದನ್ನೆಲ್ಲ ಬಿಡಬಹುದು ಎನ್ನುತ್ತಾರೆ. ಎರಡು ಮಾತುಗಳನ್ನೂ ಪೂರ್ತಿ ನಂಬುವಂತಿಲ್ಲ. ನಂಬಬಹುದಾದ ಉತ್ತರ ಬೇಕಾದರೆ ಸಂತೆಯಿಂದಲೂ ಬಾಟಲಿಯ ಸಾಲುಗಳಿಂದಲೂ ಹಿಂದಕ್ಕೆ, ಆ ಮೀನು ಹುಟ್ಟಿ ಬೆಳೆದ ಗದ್ದೆಯವರೆಗೆ ಹೋಗಬೇಕು.

ಮಧ್ಯ ಥಾಯ್ಲೆಂಡಿನ ಚಾವೋ ಫ್ರಾಯಾ ನದಿಯ ಬಯಲು ಅಂಗೈಯಂತೆ ಸಮತಟ್ಟು. ಮಳೆಗಾಲದಲ್ಲಿ ಕಾಲುವೆ, ಹೊಂಡ, ಗದ್ದೆಗಳು ಒಂದಾಗಿ, ಎಲ್ಲಿ ನೆಲ ಮುಗಿದು ಎಲ್ಲಿ ನೀರು ಮೊದಲಾಯಿತೆಂದು ಹೇಳಲು ಬದುಗಳ ಹುಲ್ಲನ್ನೇ ನೋಡಬೇಕು. ಗದ್ದೆಯ ನೀರು ಮೊಣಕಾಲಿನವರೆಗೂ ಬರುವುದಿಲ್ಲ. ಬಿಸಿಲಿಗೆ ಬೆಚ್ಚಗಾಗಿ, ಕೊಳೆತ ಎಲೆಯ ಕಂದು ಬಣ್ಣಕ್ಕೆ ತಿರುಗಿ, ನಿಂತಲ್ಲೇ ನಿಂತಿರುತ್ತದೆ. ಅದರಲ್ಲಿ ಆಮ್ಲಜನಕ ಕಡಿಮೆ. ಆದರೂ ಬೆಟ್ಟಾ ಅಲ್ಲಿ ಬದುಕುವುದು ತಲೆಯೊಳಗಿನ ಸುರುಳಿಸುರುಳಿಯಾದ ಒಂದು ಅಂಗದ ಬಲದಿಂದ. ಮೇಲಕ್ಕೆ ಬಂದು ಗುಟುಕು ಗಾಳಿಯನ್ನು ಬಾಯಿಗೆಳೆದುಕೊಂಡರೆ ಆ ಅಂಗ ಅದರಿಂದ ಆಮ್ಲಜನಕವನ್ನು ಹೀರಿಕೊಡುತ್ತದೆ. ಈ ಮೀನು ಲೋಟದ ನೀರಿನಲ್ಲೂ ಸಾಯದಿರುವುದಕ್ಕೆ ಇದೇ ಕಾರಣ. ಸಾಯದಿರುವುದನ್ನೇ ಸುಖವಾಗಿರುವುದೆಂದು ಅಂಗಡಿಯವರು ತಿಳಿಸಿಬಿಟ್ಟದ್ದು ಅದರ ದುರದೃಷ್ಟ.

ಗದ್ದೆಯ ಬೆಟ್ಟಾಕ್ಕೆ ಸಂತೆಯ ಮೀನಿನ ಜರತಾರಿಯಿಲ್ಲ. ಮಣ್ಣಿನ ಕಂದು ಮೈ, ಅಲ್ಲಲ್ಲಿ ಹಸಿರು-ನೀಲಿಯ ಮಿನುಗು, ಗಿಡ್ಡ ಬಾಲ. ಗಂಡು ಬದುವಿನ ಅಂಚಿನ ಹುಲ್ಲಿನ ಮರೆಯಲ್ಲಿ ಒಂದು ಮೂಲೆಯನ್ನು ತನ್ನದಾಗಿಸಿಕೊಂಡು, ಬಾಯಿಯಿಂದ ಗುಳ್ಳೆಗಳನ್ನು ಬಿಟ್ಟು ನೀರಿನ ಮೇಲೆ ನೊರೆಯ ಗೂಡು ಕಟ್ಟುತ್ತದೆ. ಹೆಣ್ಣು ಮೊಟ್ಟೆಯಿಟ್ಟೊಡನೆ ಅದನ್ನೂ ಓಡಿಸಿ, ಕೆಳಗೆ ಜಾರುವ ಮೊಟ್ಟೆಗಳನ್ನು ಬಾಯಲ್ಲಿ ಹಿಡಿದು ಮತ್ತೆ ನೊರೆಗೆ ಅಂಟಿಸುತ್ತ, ಮರಿಗಳು ಈಜಲು ಕಲಿಯುವವರೆಗೆ ಒಂಟಿಯಾಗಿ ಕಾವಲಿರುತ್ತದೆ. ಜಗತ್ತಿಗೆಲ್ಲ ಜಗಳಗಂಟಿಯೆಂದು ಹೆಸರಾದ ಮೀನಿನ ಕೋಪದ ಬಹುಭಾಗ ಈ ಗೂಡಿನ ಸುತ್ತ ಹುಟ್ಟಿದ್ದು. ಇನ್ನೊಂದು ಗಂಡು ಆ ಮೂಲೆಗೆ ಬಂದರೆ ಕಿವಿರುಗಳು ಅರಳುತ್ತವೆ, ಒಂದೆರಡು ಸಲ ಕಚ್ಚಾಟವಾಗುತ್ತದೆ, ಸೋತದ್ದು ಬಣ್ಣ ಕಳೆದುಕೊಂಡು ಭತ್ತದ ಬುಡಗಳ ನಡುವೆ ನುಸುಳಿ ಮಾಯವಾಗುತ್ತದೆ. ಓಡಿಹೋಗಲು ಅಲ್ಲಿ ದಾರಿಯಿದೆ. ಬಾಟಲಿಯಲ್ಲಿ, ಪಂದ್ಯದ ಗಾಜಿನ ಜಾಡಿಯಲ್ಲಿ, ಮನೆಯ ಪುಟ್ಟ ತೊಟ್ಟಿಯಲ್ಲಿ ಇಲ್ಲದಿರುವುದು ಆ ದಾರಿಯೇ.

ಹಾಗೆಂದು ಸಾಕುಮೀನಿಗೆ ಗದ್ದೆಯಂಥ ತೊಟ್ಟಿಯನ್ನು ಕೊಟ್ಟರೆ ಅದು ಸಾಧುವಾಗುತ್ತದೆಂದು ತಿಳಿಯಬಾರದು. 2022ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನವೊಂದು ಮನುಷ್ಯ ಈ ಮೀನನ್ನು ಪಳಗಿಸಲಾರಂಭಿಸಿ ಕನಿಷ್ಠ 1,000 ವರ್ಷಗಳಾದವೆಂದು ತೋರಿಸಿತು. ಅಷ್ಟೂ ಕಾಲ, ಬಣ್ಣಕ್ಕಾಗಿ ಆರಿಸುವ ಮುನ್ನ, ಪಂದ್ಯದಲ್ಲಿ ಹಿಂಜರಿಯದ ಗಂಡುಗಳನ್ನೇ ಆರಿಸಿ ತಳಿ ಬೆಳೆಸಿದರು. ಕಾಡುಮೀನಿನ ಜಗಳ ಕೆಲವು ನಿಮಿಷಗಳಲ್ಲಿ ಮುಗಿದರೆ, ಕಾದಾಟಕ್ಕೆಂದು ಬೆಳೆಸಿದ ಮೀನು ಗಂಟೆಗಟ್ಟಲೆ ಬಿಡದೆ ಹೋರಾಡಬಲ್ಲದು. ಉದ್ದ ಬಾಲದ ಅಲಂಕಾರದ ಮೀನುಗಳ ಮೈಯಲ್ಲೂ ಹರಿಯುತ್ತಿರುವುದು ಆ ಪೈಲ್ವಾನರ ರಕ್ತವೇ. ಅತ್ತ ಕಾಡಿನ ಮೂಲ ಬೆಟ್ಟಾ ತನ್ನ ನೆಲೆಗಳನ್ನು ಪಟ್ಟಣಕ್ಕೂ ಕೊಳಕು ನೀರಿಗೂ ಬಿಟ್ಟುಕೊಡುತ್ತ, ಅಪಾಯದಂಚಿನ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಯನ್ನು ಸೇರಿದೆ.

ಗದ್ದೆಯಲ್ಲಿ ಬೆಟ್ಟಾದ ನೆರೆಹೊರೆ ದೊಡ್ಡದು. ಮಲಯಾಳದಲ್ಲಿ ವರಾಲ್, ತಮಿಳಿನಲ್ಲಿ ವಿರಾಲ್, ತೆಲುಗಿನಲ್ಲಿ ಕೊರಮೀನು ಎಂದು ಕರೆಸಿಕೊಳ್ಳುವ, ಹಾವಿನಂಥ ತಲೆಯ ಮೀನು ಅಲ್ಲೂ ಇದೆ. ಕೈಗೆ ಸಿಕ್ಕ ಬೆಟ್ಟಾವನ್ನು ಅದು ನುಂಗುತ್ತದೆ. ಮಳೆಯ ದಿನ ನೆಲದ ಮೇಲೆ ತೆವಳುವ ಅನಾಬಾಸ್ ಮೀನು ಇದೆ, ಕೆಸರಿನೊಳಗೆ ಹಾವುಮೀನು ಇದೆ. ಮೇಲ್ಮೈಯಲ್ಲಿ ಮಿಂಚಿನಂತೆ ಓಡಾಡುವ ಉದ್ದ ಮೀಸೆಯ ಬೆಳ್ಳಿಮೀನುಗಳ ಹಿಂಡುಗಳಿವೆ, ತಳದಲ್ಲಿ ಮರಳು ಜಾಲಿಸುವ ಲೋಚ್‌ಗಳಿವೆ, ಬಸವನಹುಳುಗಳಿವೆ. ಎಲ್ಲಕ್ಕಿಂತ ಕುತೂಹಲದ ನೆರೆಯೆಂದರೆ ಥಾಯ್ ಜನರು ‘ಪ್ಲಾ ಕ್ರಿಮ್’ ಎನ್ನುವ ಗೊಣಗುವ ಗೌರಾಮಿ. ಬೆಟ್ಟಾದ ಹತ್ತಿರದ ಬಂಧು; ಅದೇ ನೀರು, ಅದೇ ಹುಲ್ಲು, ಅದೇ ಬಗೆಯ ನೊರೆಗೂಡು. ಸಿಟ್ಟು ಬಂದರೆ ಎದೆಯ ರೆಕ್ಕೆಗಳಿಂದ ಕಿರಕಿರ ಸದ್ದು ಮಾಡುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಗದ್ದೆಯಲ್ಲಿ ನೆರೆಯವನಾಗಿದ್ದದ್ದರಿಂದಲೇ ಯಾವ ಮೀನೂ ಒಂದೇ ತೊಟ್ಟಿಯಲ್ಲಿ ಮನೆಯವನಾಗಲಾರದು. ಗೊಣಗುವ ಗೌರಾಮಿಯೂ ಬೆಟ್ಟಾವೂ ಗದ್ದೆಯಲ್ಲಿ ಎರಡು ಬದುಗಳನ್ನು ಹಂಚಿಕೊಳ್ಳುತ್ತವೆ. ತೊಟ್ಟಿಯಲ್ಲಿ ಹಂಚಲು ಎರಡನೆಯ ಬದು ಇಲ್ಲ. ಹತ್ತಿರದ ನೆಂಟನೇ ಕೆಟ್ಟ ಜೊತೆಗಾರನಾಗುವುದು ಹೀಗೆ: ಒಂದೇ ಎತ್ತರದಲ್ಲಿ ಈಜುತ್ತಾನೆ, ಒಂದೇ ಮೂಲೆಯನ್ನು ಬಯಸುತ್ತಾನೆ, ದೂರದಿಂದ ನೋಡಿದರೆ ಎದುರಾಳಿಯಂತೆಯೇ ಕಾಣುತ್ತಾನೆ. ಆದ್ದರಿಂದ ಗೌರಾಮಿಗಳು ಯಾವ ಬಣ್ಣದವಾದರೂ ಬೇಡ. ಇನ್ನೊಂದು ಗಂಡು ಬೆಟ್ಟಾ ಖಂಡಿತ ಬೇಡ. ಹೆಣ್ಣು ತಂದು ಜೋಡಿ ಮಾಡಿದರಾಯಿತೆಂಬುದು ಮನುಷ್ಯರ ಯೋಚನೆ. ಮೊಟ್ಟೆಯಿಟ್ಟ ಹೆಣ್ಣನ್ನೂ ಓಡಿಸುವ ಮೀನಿಗೆ ಅದು ಹೊಂದುವುದಿಲ್ಲ.

ಕಾಸರಗೋಡು ಮತ್ತು ಅದರಾಚೆಯ ಕೇರಳದ ಓದುಗರಿಗೆ ಹೇಳಬೇಕಾದ ಒಂದು ಸಂಗತಿಯಿದೆ. ಬೆಟ್ಟಾದ ನೆಂಟ ದಕ್ಷಿಣ ಭಾರತದಲ್ಲೂ ಉಂಟು. ಸ್ಯೂಡೋಸ್ಫ್ರೋಮೆನಸ್ ಕುಪಾನಸ್ ಎಂಬ ಬಾಯಿ ತುಂಬುವ ಹೆಸರಿನ, ಎರಡು ಮೂರು ಅಂಗುಲಕ್ಕೆ ಮೀರದ ಈ ಕಂದು ಮೀನು ಕೇರಳ, ತಮಿಳುನಾಡುಗಳ ಗದ್ದೆ, ತೋಡುಗಳಲ್ಲಿ ಎಲೆಯಡಿ ನೊರೆಗೂಡು ಕಟ್ಟಿ ಬದುಕುತ್ತದೆ. ಪುದುಚೇರಿಯ ಅರಿಯಾಂಕುಪ್ಪಂ ನದಿಯಲ್ಲಿ ಮೊದಲು ಸಿಕ್ಕಿದ್ದರಿಂದ ಅದಕ್ಕೆ ಕುಪಾನಸ್ ಎಂಬ ಹೆಸರು. ಸ್ವಭಾವ ಬೆಟ್ಟಾಕ್ಕಿಂತ ಎಷ್ಟೋ ಸೌಮ್ಯ. ಆದರೂ ನೆಂಟನೆಂಬ ಕಾರಣಕ್ಕೆ ಇವೆರಡನ್ನು ಒಂದೇ ತೊಟ್ಟಿಗೆ ಬಿಟ್ಟರೆ ಮೊದಲು ಬಾಲ ಹರಿಯುವುದು ನಮ್ಮೂರಿನ ಬಡಪಾಯಿಯದ್ದೇ.

ತೊಟ್ಟಿಯಲ್ಲಿ ಗದ್ದೆಯಿಂದ ತರಬಹುದಾದದ್ದು ನೆರೆಯ ಮೀನುಗಳಿಗಿಂತ ಅಲ್ಲಿನ ನೆರೆತನದ ರೀತಿ. ಮೇಲಿನವನಿಗೆ ಮೇಲು, ನಡುವಿನವನಿಗೆ ನಡು, ತಳದವನಿಗೆ ತಳ. ಬೆಟ್ಟಾ ಮೇಲ್ಮಟ್ಟದ ಯಜಮಾನ. ಅದಕ್ಕೆ ಅಡ್ಡ ಬರದವರನ್ನು ಹುಡುಕಬೇಕು. ಇವರಲ್ಲಿ ಮೊದಲ ಸ್ಥಾನಕ್ಕೆ ಅರ್ಹನಾದವನು ಕೂಲಿ ಲೋಚ್. ಹೆಸರು ಕೇಳಿ ಕೂಲಿಯಾಳೆಂದು ತಿಳಿಯಬೇಕಾಗಿಲ್ಲ. ಜಾವಾ ದ್ವೀಪದಲ್ಲಿ 1821ರಲ್ಲಿ ಎಳೆಯ ಪ್ರಾಯದಲ್ಲೇ ತೀರಿಕೊಂಡ ಜರ್ಮನ್ ನಿಸರ್ಗಶಾಸ್ತ್ರಜ್ಞ ಹೈನ್ರಿಖ್ ಕೂಲ್‌ನ ನೆನಪಿನ ಹೆಸರದು. ಹಳದಿ, ಕಂದು ಪಟ್ಟೆಗಳ ಈ ಪುಟ್ಟ ಹಾವಿನಂಥ ಮೀನು ಹಗಲೆಲ್ಲ ಬೇರಿನ ಸಂದಿಯಲ್ಲಿ ಮಲಗಿ, ದೀಪ ಆರಿದ ಮೇಲೆ ತಳದ ಮರಳಿನಲ್ಲಿ ಬಿದ್ದ ಆಹಾರವನ್ನು ಹೆಕ್ಕುತ್ತದೆ. ಐದಾರು ಒಟ್ಟಿಗಿದ್ದರೆ ನೆಮ್ಮದಿ. ಬೆಟ್ಟಾಕ್ಕೆ ಅವು ಇರುವುದೇ ತಿಳಿಯುವುದಿಲ್ಲ.

ನಡುಮಟ್ಟಕ್ಕೆ ಹಾರ್ಲೆಕ್ವಿನ್ ರಾಸ್ಬೋರಾ ಒಪ್ಪುತ್ತದೆ. ದಕ್ಷಿಣ ಥಾಯ್ಲೆಂಡಿನಿಂದ ಸುಮಾತ್ರಾದವರೆಗಿನ ತೊರೆಗಳ ಈ ಮೀನಿನ ಹಿಂಬದಿಯಲ್ಲಿ ಕಪ್ಪು ತ್ರಿಕೋನವೊಂದಿದೆ. ಬಾಲ ಗಿಡ್ಡ, ನಡೆ ಚುರುಕು. ಗಿಡ್ಡ ಬಾಲವೆಂಬುದು ಸಣ್ಣ ವಿಷಯವಲ್ಲ. ಬೀಸುವ ಬಾಲವನ್ನು ಕಂಡರೆ ಬೆಟ್ಟಾಕ್ಕೆ ಇನ್ನೊಂದು ಗಂಡು ಬಂದಂತೆ ತೋರುತ್ತದೆ. ಬಣ್ಣದ ಬಾಲದ ಗಂಡು ಗಪ್ಪಿಗಳು ಬೆಟ್ಟಾದ ತೊಟ್ಟಿಯಲ್ಲಿ ಚಿಂದಿಯಾಗುವುದು ಇದರಿಂದಲೇ. ರಾಸ್ಬೋರಾ ಎಂಟು ಹತ್ತರ ಹಿಂಡಾಗಿದ್ದರೆ ತಮ್ಮತಮ್ಮೊಳಗೇ ಮಗ್ನವಾಗಿರುತ್ತವೆ. ಎರಡು ಮೂರನ್ನೇ ತಂದರೆ ಹೆದರಿ ಮೂಲೆ ಸೇರುತ್ತವೆ. ದಕ್ಷಿಣ ಅಮೆರಿಕದ ಎಂಬರ್ ಟೆಟ್ರಾ, ತಳದ ಕೋರಿಡೋರಸ್ ಕೂಡ ಸಾಧುಗಳೇ. ನೆರೈಟ್ ಬಸವನಹುಳು ಗಾಜಿನ ಪಾಚಿಯನ್ನು ತಿಂದುಕೊಂಡಿರುತ್ತದೆ, ಮರಿಗಳಿಂದ ತೊಟ್ಟಿಯನ್ನು ತುಂಬಿಸುವುದಿಲ್ಲ. ಸಿಗಡಿಯನ್ನು ಬಿಡುವವರು ಅದರ ಮರಿಗಳು ಬೆಟ್ಟಾದ ಊಟವಾಗುವುದನ್ನು ಒಪ್ಪಿಕೊಂಡೇ ಬಿಡಬೇಕು.

ಬೆಟ್ಟಾವೇ ಯಾವಾಗಲೂ ಅಪರಾಧಿಯೆಂದು ತಿಳಿದರೆ ಅನ್ಯಾಯವಾದೀತು. ಹುಲಿಪಟ್ಟೆಯ ಟೈಗರ್ ಬಾರ್ಬ್ ಪರರ ಬಾಲವನ್ನು ಕಚ್ಚುವ ಚಟದ ಮೀನು. ಅದರ ಕೈಗೆ ಸಿಕ್ಕ ಉದ್ದ ಬಾಲದ ಬೆಟ್ಟಾ ವಾರದೊಳಗೆ ಗರಿ ಕಿತ್ತ ನವಿಲಾಗುತ್ತದೆ. ಏಂಜೆಲ್ ಮೀನು ಬೆಳೆದ ಮೇಲೆ ತಾನೇ ದೊಣ್ಣೆನಾಯಕ. ಗೋಲ್ಡ್ ಫಿಷ್ ಸ್ವಭಾವದಲ್ಲಿ ಪಾಪವಾದರೂ ತಂಪು ನೀರಿನದು, ಹೊಲಸು ಹೆಚ್ಚು. ಗಾಜು ತೊಳೆಯುವ ಆಳೆಂದು ಅಂಗಡಿಯವರು ಜೊತೆಗೆ ಕೊಡುವ ಸಕ್ಕರ್ ಮೀನಿನ ಕಥೆ ಇನ್ನೂ ಕೆಟ್ಟದು. ಕೊಳ್ಳುವಾಗ ಬೆರಳುದ್ದವಿದ್ದದ್ದು ಒಂದಡಿಗೂ ಮೀರಿ ಬೆಳೆಯುತ್ತದೆ. ತೊಟ್ಟಿ ಸಾಲದಾದಾಗ ಮನೆಯವರು ಅದನ್ನು ಹತ್ತಿರದ ತೋಡಿಗೋ ಕೆರೆಗೋ ಬಿಟ್ಟುಬಿಡುತ್ತಾರೆ. ಹೀಗೆ ಹೊರಬಿದ್ದ ಸಕ್ಕರ್ ಮೀನುಗಳು ಕೇರಳ, ತಮಿಳುನಾಡು, ಆಂಧ್ರ, ತೆಲಂಗಾಣಗಳ ನೀರುಗಳಲ್ಲಿ ಹಬ್ಬಿ, ಬಲೆಗಳನ್ನು ಹರಿದು, ಊರ ಮೀನುಗಳ ಜಾಗವನ್ನು ಆಕ್ರಮಿಸಿವೆ. ಸಾಕಿದ ಯಾವ ಮೀನನ್ನೂ ಹೊರಗಿನ ನೀರಿಗೆ ಬಿಡಬಾರದೆಂಬುದನ್ನು ಶಾಲೆಯಲ್ಲೇ ಕಲಿಸಬೇಕು.

ಇಷ್ಟಕ್ಕೆಲ್ಲ ತೊಟ್ಟಿ ಎಷ್ಟು ದೊಡ್ಡದಿರಬೇಕು? ಬೆಟ್ಟಾ ಒಂದಕ್ಕೇ 20 ಲೀಟರ್ ನೀರಾದರೂ ಬೇಕು. ನೆರೆಹೊರೆ ಬೇಕೆನ್ನುವವರು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯನ್ನು ಇಡಲಿ. ಅದರಲ್ಲಿ 50 ಲೀಟರಿನಷ್ಟು ನೀರು ಹಿಡಿಯುತ್ತದೆ. ನೀರು 24ರಿಂದ 28 ಡಿಗ್ರಿ ಬೆಚ್ಚಗಿರಬೇಕು. ನೀಲಗಿರಿಯ ಮನೆಗಳಲ್ಲಿ ಹೀಟರ್ ಇಲ್ಲದೆ ಬೆಟ್ಟಾವನ್ನು ಸಾಕುವುದು ಅದಕ್ಕೆ ಕೊಡುವ ಶಿಕ್ಷೆ. ಶೋಧಕದ ಸೆಳೆತ ಮೆಲ್ಲಗಿರಲಿ, ಏಕೆಂದರೆ ನಿಂತ ನೀರಿನಲ್ಲಿ ಹುಟ್ಟಿದ ಮೀನಿಗೆ, ಅದರಲ್ಲೂ ಸೆರಗಿನಂಥ ಬಾಲ ಹೊತ್ತದ್ದಕ್ಕೆ, ಹರಿವಿನ ಎದುರು ಈಜುವುದು ಕಷ್ಟ. ಮೇಲೆ ಮುಚ್ಚಳ ಬೇಕು, ಮುಚ್ಚಳದ ಕೆಳಗೆ ಗಾಳಿಗೆ ಜಾಗವೂ ಬೇಕು. ಹೊಸ ತೊಟ್ಟಿಯಲ್ಲಿ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳು ನೆಲೆಗೊಳ್ಳಲು ಮೂರು ನಾಲ್ಕು ವಾರ ಹಿಡಿಯುತ್ತದೆ. ಆ ತಾಳ್ಮೆಯಿಲ್ಲದೆ ಒಂದೇ ದಿನ ಎಲ್ಲವನ್ನೂ ತಂದು ಸುರಿದವರ ಮೀನುಗಳು ಜಗಳಕ್ಕೆ ಮೊದಲೇ ನೀರಿನ ವಿಷಕ್ಕೆ ಸಾಯುತ್ತವೆ.

ಬಿಡುವ ಕ್ರಮದಲ್ಲೂ ಒಂದು ಜಾಣ್ಮೆಯಿದೆ. ನೆರೆಯ ಮೀನುಗಳನ್ನು ಮೊದಲು ಬಿಟ್ಟು, ಅವು ತಮ್ಮ ಮೂಲೆಗಳನ್ನು ಕಂಡುಕೊಂಡ ಮೇಲೆ ಬೆಟ್ಟಾವನ್ನು ತರಬೇಕು. ಬೆಟ್ಟಾ ಮೊದಲು ಬಂದರೆ ತೊಟ್ಟಿಯಿಡೀ ಅದರ ಗೂಡಿನ ಮೂಲೆಯಾಗುತ್ತದೆ. ನಂತರ ಬಂದವರೆಲ್ಲ ಕಳ್ಳರಾಗುತ್ತಾರೆ. ಮೊದಲ ದಿನ ಕಿವಿರು ಅರಳಿಸುವುದು, ಒಂದೆರಡು ಸಲ ಬೆನ್ನಟ್ಟುವುದು ಸಹಜ. ಮರುದಿನವೂ ನಿಲ್ಲದಿದ್ದರೆ, ಯಾವುದಾದರೂ ಮೀನು ಊಟಕ್ಕೆ ಬರದೆ ಮರೆಯಲ್ಲೇ ಉಳಿದರೆ, ಬಾಲದಂಚು ಹರಿದಿದ್ದರೆ ಬೇರ್ಪಡಿಸಬೇಕು. ಅದಕ್ಕಾಗಿ ಇನ್ನೊಂದು ಪಾತ್ರೆಯನ್ನು ಮೊದಲೇ ಸಿದ್ಧವಾಗಿಟ್ಟಿರುವುದು ಒಳ್ಳೆಯದು. ಒಂದೇ ಗೂಡಿನ ಎರಡು ಬೆಟ್ಟಾಗಳಲ್ಲಿ ಒಂದು ಎಲ್ಲರೊಡನೆ ಹೊಂದಿಕೊಂಡೀತು, ಇನ್ನೊಂದು ಬಸವನಹುಳುವಿನ ಮೀಸೆಯನ್ನೂ ಬಿಡದೆ ಕಚ್ಚೀತು.

ಅಂಥ ಮೀನು ಸಿಕ್ಕಿದರೆ ಅದನ್ನು ಒಂಟಿಯಾಗಿಯೇ ಸಾಕಬಹುದು, ಅದರಲ್ಲಿ ಕ್ರೌರ್ಯವೇನೂ ಇಲ್ಲ. ಹಿಂಡಿನ ಮೀನಲ್ಲದ ಬೆಟ್ಟಾಕ್ಕೆ ಮಕ್ಕಳು ಊಹಿಸುವ ಒಂಟಿತನದ ದುಃಖ ಇರಲಾರದು. ಅದನ್ನು ಬಾಧಿಸುವುದು ಇಕ್ಕಟ್ಟು ಮತ್ತು ಮರೆಯಿಲ್ಲದ ಬರಿಗಾಜು. ನಖೋನ್ ಪಥೋಮಿನ ಬಾಟಲಿಗಳಲ್ಲೂ ತೊಟ್ಟಿಗಳಲ್ಲೂ ಒಣಗಿದ ದೊಡ್ಡ ಎಲೆಯೊಂದರ ಚೂರುಗಳು ಕಾಣಸಿಗುತ್ತವೆ. ಅದು ಕಾಡುಬಾದಾಮಿಯ ಎಲೆ. ಥಾಯ್ ಜನರು ಆ ಮರವನ್ನು ‘ಹೂ ಕ್ವಾಂಗ್’, ಜಿಂಕೆಯ ಕಿವಿ, ಎನ್ನುತ್ತಾರೆ. ಕರಾವಳಿಯ ಎಷ್ಟೋ ಶಾಲೆಗಳ ಅಂಗಳದಲ್ಲಿ, ಅಂತಸ್ತು ಅಂತಸ್ತಾಗಿ ರೆಂಬೆ ಚಾಚಿ, ಬೇಸಗೆಗೆ ಮೊದಲು ಎಲೆಗಳನ್ನು ಕೆಂಪಾಗಿಸಿ ಉದುರಿಸುವ ಮರ ಇದೇ. ಔಷಧ ಹೊಡೆಯದ, ರಸ್ತೆಯ ಧೂಳಿಲ್ಲದ ಕಡೆಯಿಂದ ತಾನಾಗಿ ಬಿದ್ದು ಒಣಗಿದ ಒಂದೆರಡು ಎಲೆಗಳನ್ನು ಆರಿಸಿ ತೊಳೆದು ತೊಟ್ಟಿಗೆ ಹಾಕಿದರೆ, ಎರಡು ಮೂರು ದಿನ ತೇಲಿ ನಿಧಾನವಾಗಿ ತಳ ಸೇರುತ್ತವೆ. ನೀರು ತಿಳಿ ಚಹಾದ ಬಣ್ಣಕ್ಕೆ ತಿರುಗುತ್ತದೆ. ಎಲೆ ಇನ್ನೂ ತೇಲುತ್ತಿರುವಾಗಲೇ ಬೆಟ್ಟಾ ಅದರ ಕೆಳಗೆ ಬಂದು ನಿಂತು ಗುಳ್ಳೆ ಬಿಡಲಾರಂಭಿಸುವುದುಂಟು.